ಸೃಷ್ಟಿಕರ್ತನಿಗೂ ಕಟ್ಟುಪಾಡು ಉಂಟೆ?

ಗ್ರಹಾಂ ಎಂಬ ರಾಜ ಒಂದು ಬೇಕರಿಯ ಮುಂದೆ ನಿಂತಿದ್ದಾನೆ. ಬೆಕ್ಕೊಂದು ಇಲಿಯನ್ನು ಅಟ್ಟಿಸಿಕೊಂಡು ಬರುತ್ತದೆ. ಎಲ್ಲ ಕೆಲವೇ ಸೆಕೆಂಡುಗಳ ಮಾತು. ಅಷ್ಟರೊಳಗೆ ಆಟಗಾರ ಗ್ರಹಾಂನ ಚೀಲದಲ್ಲಿರುವ ಹಳೆಯ ಬೂಟನ್ನು ಬೆಕ್ಕಿನತ್ತ ಎಸೆದರೆ ಇಲಿ ಉಳಿಯುತ್ತದೆ, ಸುಮ್ಮನೆ ನೋಡುತ್ತ ನಿಂತರೆ ಸಾಯುತ್ತದೆ. ಆಟ ಇದರ ಬಗ್ಗೆ ಏನೂ ಹೇಳುವುದಿಲ್ಲ. ರಾಜ ಮುಂದಕ್ಕೆ ನಡೆಯುತ್ತಾನೆ. ಬಹಳ ಹೊತ್ತಿನ ಮೇಲೆ ಒಂದು ತಂಗುಮನೆಯಲ್ಲಿ ದುಷ್ಟರು ಅವನ ತಲೆಗೆ ಬಡಿದು, ಕೈಕಾಲು ಬಿಗಿದು ನೆಲಮಾಳಿಗೆಗೆ ತಳ್ಳುತ್ತಾರೆ. ಅಂದು ಬದುಕಿದ ಇಲಿ ಬಂದು ಹಗ್ಗ ಕಡಿಯುತ್ತದೆ. ಅಂದು ಅದು ಸತ್ತಿದ್ದರೆ ಯಾರೂ ಬರುವುದಿಲ್ಲ. ಆಟ ಅಲ್ಲಿಗೆ ಮುಗಿಯಿತು.

ಇದು ಅಮೆರಿಕದ ಸಿಯೆರಾ ಆನ್‌ಲೈನ್ ಕಂಪನಿ 1990ರಲ್ಲಿ ಹೊರತಂದ ‘ಕಿಂಗ್ಸ್ ಕ್ವೆಸ್ಟ್ 5’. ಆನೆಗಳ ಕಟ್ಟು ಕಡಿದ ಪಂಚತಂತ್ರದ ಇಲಿಗಳ ಕಥೆ ಕೇಳಿ ಬೆಳೆದವರಿಗೆ ಈ ಲೆಕ್ಕಾಚಾರ ಹೊಸದೇನಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುವ ನ್ಯಾಯವನ್ನು ಯಂತ್ರವೊಂದು ಚಾಚೂ ತಪ್ಪದೆ ನಡೆಸಿದೆ, ಅಷ್ಟೆ. ಆದರೂ ಈ ಆಟ ಆಡಿದವರಲ್ಲಿ ಬಹುಪಾಲು ಮಂದಿಗೆ ಆ ನೆಲಮಾಳಿಗೆಯಲ್ಲಿ ಅನ್ನಿಸುವುದು ನ್ಯಾಯ ಸಿಕ್ಕಿತೆಂದಲ್ಲ, ಮೋಸವಾಯಿತೆಂದು. ಯಾಕೆ ಹಾಗನ್ನಿಸುತ್ತದೆ ಎಂಬುದು ಆಟದ ವಿಮರ್ಶೆಯೊಳಗೆ ಮುಗಿಯುವ ಪ್ರಶ್ನೆಯಲ್ಲ. ಜಗತ್ತನ್ನು ಯಾರೋ ಉದ್ದೇಶಪೂರ್ವಕವಾಗಿ ಮಾಡಿದ್ದಾರೆ ಎಂದು ನಂಬುವವರೆಲ್ಲ ಎಂದಾದರೂ ಎದುರಿಸಲೇಬೇಕಾದ ಪ್ರಶ್ನೆ ಅದು.

ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್ ಆಟಗಳ ಸ್ವರೂಪ ಸರಳ. ಪರದೆಯ ಮೇಲೊಂದು ಚಿತ್ರ, ಕೈಯಲ್ಲೊಂದು ಮೌಸ್. ಬಾಗಿಲನ್ನು ಒತ್ತಿದರೆ ತೆರೆಯುತ್ತದೆ, ಹಗ್ಗವನ್ನು ಒತ್ತಿದರೆ ಚೀಲಕ್ಕೆ ಸೇರುತ್ತದೆ, ಹಗ್ಗವನ್ನು ಕೊಂಡಿಗೆ ಹಾಕಿದರೆ ಹೊಸ ದಾರಿ ಸಿಗುತ್ತದೆ. ವೇಗವಾಗಿ ಗುಂಡು ಹಾರಿಸುವ ಕೈಚಳಕ ಬೇಡ, ತಲೆ ಓಡಬೇಕು. ಮೂಲ ಹುಡುಕಿದರೆ 1970ರ ದಶಕದ ನಡುವಿಗೆ ಹೋಗಬೇಕು. ಗುಹೆ ಹೊಕ್ಕುವ ಹವ್ಯಾಸವಿದ್ದ ವಿಲ್ ಕ್ರೌಥರ್ ಎಂಬ ಪ್ರೋಗ್ರಾಮರ್ ಕೆಂಟಕಿಯ ಮ್ಯಾಮತ್ ಗುಹೆಯನ್ನು ನೆನೆದು, ತನ್ನ ಹೆಣ್ಣುಮಕ್ಕಳಿಗೆಂದು ಬರಿಯ ಅಕ್ಷರಗಳಲ್ಲೇ ಒಂದು ಆಟ ಬರೆದ. ರಾಬರ್ಟಾ ವಿಲಿಯಮ್ಸ್ ಮತ್ತು ಕೆನ್ ವಿಲಿಯಮ್ಸ್ ದಂಪತಿ 1980ರ ‘ಮಿಸ್ಟರಿ ಹೌಸ್’ನಲ್ಲಿ ಅದಕ್ಕೆ ಚಿತ್ರ ಸೇರಿಸಿದರು. 1987ರ ‘ಮೇನಿಯಕ್ ಮ್ಯಾನ್ಶನ್’ನಲ್ಲಿ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನಿಕ್ ಟೈಪ್ ಮಾಡುವ ಕಷ್ಟವನ್ನೂ ತಪ್ಪಿಸಿ, ಕ್ರಿಯಾಪದಗಳನ್ನು ಪರದೆಯ ಕೆಳಗೆ ಸಾಲಾಗಿ ಜೋಡಿಸಿಟ್ಟರು. ಮುಂದಿನ ಹತ್ತು ವರ್ಷ ಈ ಪ್ರಕಾರದ ಸುಗ್ಗಿ.

ಈ ಆಟಗಳಲ್ಲಿ ಯಾವ ವಸ್ತುವೂ ಸುಮ್ಮನೆ ಇರುವುದಿಲ್ಲ. ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ನಲ್ಲಿ ಒಂದು ರಬ್ಬರ್ ಕೋಳಿ ಸಿಗುತ್ತದೆ, ಅದರ ನಡುವೆ ಒಂದು ರಾಟೆ. ಇಂಥದ್ದನ್ನು ಯಾರು ಮಾಡಿದರು, ಏಕೆ ಮಾಡಿದರು? ಆಟಗಾರ ನಗುತ್ತ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಮುಂದೊಂದು ಕಡೆ ದ್ವೀಪದಿಂದ ದ್ವೀಪಕ್ಕೆ ಎಳೆದ ತಂತಿ ಕಾಣುತ್ತದೆ. ರಾಟೆಯುಳ್ಳ ಕೋಳಿಯನ್ನು ಅದಕ್ಕೆ ಸಿಕ್ಕಿಸಿ ಆಚೆಗೆ ಜಾರಿಹೋದಾಗ ಆಗುವ ಸಂತೋಷ ಬೇರೆ ಯಾವ ಬಗೆಯ ಆಟದಲ್ಲೂ ಸಿಗದು. ಕಸದಂತೆ ಕಂಡದ್ದಕ್ಕೂ ಒಂದು ಕೆಲಸವಿತ್ತು, ಯಾರೋ ಮೊದಲೇ ಯೋಚಿಸಿದ್ದರು ಎಂಬ ಭರವಸೆ ಅದು. ಆಸ್ತಿಕರು ಬದುಕಿನಲ್ಲಿ ಅಪರೂಪಕ್ಕೆ ಕಾಣುವ ನೆಮ್ಮದಿಯನ್ನು ಈ ಆಟಗಳು ಗಂಟೆಗೊಮ್ಮೆ ಕೊಡುತ್ತವೆ.

ಆದರೆ ಎಲ್ಲಕ್ಕೂ ಉದ್ದೇಶವಿರುವ ಜಗತ್ತಿನಲ್ಲಿ ಆ ಉದ್ದೇಶ ಆಡುವವನದ್ದಲ್ಲ. ಗ್ರಹಾಂನ ಕಥೆಗೇ ಮರಳಿದರೆ, ಬೇಕರಿಯಲ್ಲಿ ಕೊಂಡ ಕಸ್ಟರ್ಡ್ ಕಡುಬು ಅವನ ಬಳಿ ಇರುತ್ತದೆ. ಹಿಮದ ಬೆಟ್ಟ ಹತ್ತುವಾಗ ಅವನಿಗೆ ಹಸಿವು. ಕಡುಬು ತಿಂದರೆ ಹಸಿವು ಹೋಗುತ್ತದೆ, ಆಟವೂ ಕೆಟ್ಟುಹೋಗುತ್ತದೆ. ಮುಂದೆ ಎದುರಾಗುವ ಯೇತಿಯ ಮುಖಕ್ಕೆ ಎಸೆಯಲು ಆ ಕಡುಬೇ ಬೇಕು. ತಿನ್ನಬೇಕಾದದ್ದು ಕುರಿಯ ತೊಡೆಯ ಮಾಂಸ, ಅದನ್ನೂ ಅರ್ಧ ಉಳಿಸಿ ಹಸಿದ ಹದ್ದಿಗೆ ಕೊಡಬೇಕು. ಹದ್ದಿಗೆ ಉಣಿಸುವುದರಲ್ಲಿ ಧರ್ಮವಿದೆ. ಹಸಿದವನು ಸಿಹಿ ತಿಂದದ್ದರಲ್ಲಿ ಯಾವ ಅಧರ್ಮವಿದೆ? ಆ ಹೊತ್ತಿಗೆ ಅವನು ಯೇತಿಯನ್ನು ನೋಡಿಯೂ ಇರುವುದಿಲ್ಲ.

ಇಂಥ ಆಟದಲ್ಲಿ ಗೆಲ್ಲಲು ಇದ್ದ ದಾರಿ ಒಂದೇ. ಮತ್ತೆ ಮತ್ತೆ ಸೇವ್ ಮಾಡಬೇಕು, ಸಾಯಬೇಕು, ಹಿಂದಿನ ಸ್ಥಿತಿಗೆ ಹೋಗಬೇಕು. ನಮ್ಮ ಪುರಾಣಗಳು ಹಿಂದಿನ ಜನ್ಮ ನೆನಪಿರುವವನನ್ನು ಜಾತಿಸ್ಮರ ಎನ್ನುತ್ತವೆ. ಸಿಯೆರಾ ಆಟದ ಎದುರು ಕುಳಿತವನು ಜಾತಿಸ್ಮರ, ಪರದೆಯೊಳಗಿನ ಗ್ರಹಾಂ ಅಲ್ಲ. ಯೇತಿಯ ಕೈಯಲ್ಲಿ ಹಿಂದೆ ಸತ್ತದ್ದು ಗೊತ್ತಿರುವುದರಿಂದಲೇ ಆಟಗಾರ ಈ ಸಲ ಕಡುಬು ಮುಟ್ಟುವುದಿಲ್ಲ. ಇದನ್ನು ವಿವೇಕ ಎನ್ನಲಾಗದು. ಗ್ರಹಾಂ ಯಾವ ಪಾಠವನ್ನೂ ಕಲಿತಿಲ್ಲ, ಮೇಲಿನಿಂದ ಯಾರೋ ಅವನ ಕೈ ಹಿಡಿದರು.

ಜಗತ್ತಿನ ಕರ್ತೃ ಪಕ್ಷಪಾತಿಯೇ, ಕ್ರೂರಿಯೇ ಎಂಬ ಆಕ್ಷೇಪ ಎಷ್ಟು ಹಳೆಯದೋ ಅದಕ್ಕೆ ಕೊಟ್ಟ ಉತ್ತರವೂ ಅಷ್ಟೇ ಹಳೆಯದು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಮೂರು ಸೂತ್ರಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಮೊದಲನೆಯದು ಸೃಷ್ಟಿಯನ್ನು ಲೀಲೆ ಎನ್ನುತ್ತದೆ, ಅಂದರೆ ಆಟ. ಆಟಕ್ಕಾಗಿ ಜಗತ್ತನ್ನು ಮಾಡಿದವನು ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಹಂಚಿದ್ದೇಕೆ? ಎರಡನೆಯ ಸೂತ್ರ ಇದಕ್ಕೆ ಉತ್ತರ: ಈಶ್ವರ ಸಾಪೇಕ್ಷ, ಜೀವಿಗಳ ಕರ್ಮವನ್ನು ನೋಡಿಯೇ ಅವನು ಫಲ ಕೊಡುತ್ತಾನೆ. ಶಂಕರರು ಇಲ್ಲಿ ಮಳೆಯ ಉದಾಹರಣೆ ಕೊಡುತ್ತಾರೆ. ಮಳೆ ಎಲ್ಲಕ್ಕೂ ಒಂದೇ, ಒಂದು ಭತ್ತವಾಗುವುದು ಇನ್ನೊಂದು ಜವೆಯಾಗುವುದು ಬೀಜದ ಗುಣದಿಂದ. ಹಾಗಾದರೆ ಮೊಟ್ಟಮೊದಲ ಸೃಷ್ಟಿಯಲ್ಲಿ ಯಾವ ಕರ್ಮವಿತ್ತು ಎಂದು ಕೇಳಿದರೆ, ಮೂರನೆಯ ಸೂತ್ರ ಸಂಸಾರ ಅನಾದಿ ಎಂದು ಬಾಯಿ ಮುಚ್ಚಿಸುತ್ತದೆ.

ಆಟ ಮಾಡಿದವರಿಗೆ ಈ ಮೂರನೆಯ ಉತ್ತರದ ಆಸರೆ ಇಲ್ಲ. ಅವರ ಸಂಸಾರ ಅನಾದಿಯಲ್ಲ, ‘ನ್ಯೂ ಗೇಮ್’ ಎಂಬ ಗುಂಡಿಯಿಂದ ಶುರುವಾಗುತ್ತದೆ. ಗ್ರಹಾಂನ ಬೆನ್ನಿಗೆ ಯಾವ ಪೂರ್ವಕರ್ಮವೂ ಇಲ್ಲ. ಆದ್ದರಿಂದ ಈ ಆಟವನ್ನು ರೂಪಿಸಿದ ರಾಬರ್ಟಾ ವಿಲಿಯಮ್ಸ್ ಹೊರಬೇಕಾದ ಹೊಣೆ ಬ್ರಹ್ಮಸೂತ್ರಕಾರ ಬಾದರಾಯಣರ ಈಶ್ವರನ ಹೊಣೆಗಿಂತ ದೊಡ್ಡದು. ಉಳಿಯುವುದು ಎರಡನೆಯ ಉತ್ತರ ಮಾತ್ರ. ಕರ್ತೃ ತನ್ನ ಜಗತ್ತಿನ ನಿಯಮಕ್ಕೆ ತಾನೇ ತಲೆಬಾಗಬೇಕು, ಫಲಕ್ಕೂ ಕರ್ಮಕ್ಕೂ ನಡುವಿನ ಎಳೆ ಒಳಗಿರುವವನ ಕಣ್ಣಿಗೆ ಕಾಣುವಂತಿರಬೇಕು. ಈ ಆಟಗಳ ಗುಣ ದೋಷಗಳನ್ನು ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿ ಬೇಕಿಲ್ಲ.

ಅದರಲ್ಲಿ ‘ಮೇನಿಯಕ್ ಮ್ಯಾನ್ಶನ್’ನ ಒಂದು ಘಟನೆಯನ್ನು ಇಟ್ಟು ನೋಡಬಹುದು. ಎಡ್ ಎಂಬ ವಿಚಿತ್ರ ಹುಡುಗನ ಮುದ್ದಿನ ಹ್ಯಾಮ್‌ಸ್ಟರನ್ನು ಮೈಕ್ರೊವೇವ್‌ನಲ್ಲಿಟ್ಟು ಸಿಡಿಸಲು ಆಟ ಬಿಡುತ್ತದೆ. ಹೇಸಿಗೆಯ ಕೆಲಸ. ಹಾಗೆ ಮಾಡಿದವನು ಅದರ ಅವಶೇಷವನ್ನು ಒಯ್ದು ಎಡ್‌ನ ಕೈಗೇ ಕೊಟ್ಟರೆ, ಕೊಟ್ಟವನನ್ನು ಎಡ್ ಕೊಂದುಬಿಡುತ್ತಾನೆ. ಇಲ್ಲಿ ಯಾರೂ ಮೋಸವಾಯಿತು ಎನ್ನುವುದಿಲ್ಲ. ಪ್ರಾಣಿ ಯಾರದ್ದೆಂದು ಗೊತ್ತಿತ್ತು, ಮಾಡಿದ್ದೇನೆಂದೂ ಗೊತ್ತಿತ್ತು. ಸಾವು ಅದೇ ಸಾವು, ನ್ಯಾಯ ಮಾತ್ರ ಬೇರೆ.

ಗಿಲ್ಬರ್ಟ್ 1989ರಲ್ಲಿ ತಮ್ಮದೇ ಕ್ಷೇತ್ರವನ್ನು ತರಾಟೆಗೆ ತೆಗೆದುಕೊಂಡು ಒಂದು ಲೇಖನ ಬರೆದರು. ಸತ್ತು ಕಲಿಯುವ ಹಾಗಿರಬಾರದು, ಮೊದಲೆಲ್ಲೋ ಎತ್ತಿಕೊಳ್ಳಲು ಮರೆತ ವಸ್ತುವಿಗಾಗಿ ಆಟವನ್ನೇ ಮತ್ತೆ ಶುರುಮಾಡಿಸಬಾರದು, ಬೀಗ ಕಂಡ ಮೇಲೆ ಬೀಗದಕೈ ಹುಡುಕಬೇಕೇ ಹೊರತು ಯಾವ ಬೀಗದ್ದೋ ತಿಳಿಯದ ಬೀಗದಕೈ ಹೊತ್ತು ತಿರುಗಿಸಬಾರದು ಎಂಬುದು ಅದರ ಧಾಟಿ. ಮರುವರ್ಷದ ‘ಮಂಕಿ ಐಲ್ಯಾಂಡ್’ ಈ ಮಾತಿನ ಆಚರಣೆ. ನಾಯಕ ಗೈಬ್ರಷ್ ಥ್ರೀಪ್‌ವುಡ್ ಸಾಯುವುದೇ ಇಲ್ಲ ಎನ್ನಬೇಕು. ಹತ್ತು ನಿಮಿಷ ಉಸಿರು ಹಿಡಿಯಬಲ್ಲೆ ಎಂದು ಕೊಚ್ಚಿಕೊಳ್ಳುವ ಅವನನ್ನು ನಿಜಕ್ಕೂ ಹತ್ತು ನಿಮಿಷ ನೀರಿನಡಿಯಲ್ಲೇ ಬಿಟ್ಟು ಕಾದರೆ ಮಾತ್ರ ಮುಳುಗುತ್ತಾನೆ. ಇನ್ನೊಂದೆಡೆ ಬಂಡೆಯ ಅಂಚಿನಿಂದ ಬೀಳುತ್ತಾನೆ, ಸಿಯೆರಾ ಆಟಗಳಲ್ಲಿ ಬರುವಂಥದ್ದೇ ಸಾವಿನ ಫಲಕ ಮೂಡುತ್ತದೆ, ಮರುಕ್ಷಣ ರಬ್ಬರ್ ಮರಕ್ಕೆ ಬಡಿದು ಪುಟಿದು ಮೇಲೆ ಬಂದು ನಿಲ್ಲುತ್ತಾನೆ. ಪ್ರತಿಸ್ಪರ್ಧಿಯನ್ನು ಇಷ್ಟು ಚೆಂದವಾಗಿ ಅಣಕಿಸಿದ ಉದಾಹರಣೆ ಕಡಿಮೆ.

ಕೃಪೆಗೂ ಒಂದು ಬೆಲೆ ಇದೆ. ಶ್ರೀವೈಷ್ಣವರಲ್ಲಿ ಮರಿಕೋತಿಯಂತೆ ಜೀವ ತಾನೇ ತಾಯಿಯನ್ನು ಬಿಗಿಯಾಗಿ ಹಿಡಿಯಬೇಕೋ, ಬೆಕ್ಕಿನ ಮರಿಯಂತೆ ಸುಮ್ಮನಿದ್ದರೆ ತಾಯಿಯೇ ಕಚ್ಚಿ ಒಯ್ಯುತ್ತಾಳೋ ಎಂಬ ವಾದ ಶತಮಾನಗಳಿಂದ ನಡೆದಿದೆ. ಹೆಸರಿನಲ್ಲಿ ಮಂಕಿ ಇದ್ದರೂ ಗಿಲ್ಬರ್ಟರ ದ್ವೀಪ ಎರಡನೆಯ ಪಕ್ಷದ್ದು. ಅಲ್ಲಿ ತಪ್ಪಿಗೆ ಶಿಕ್ಷೆ ಇಲ್ಲ, ಹಾಗಾಗಿ ಯೋಚಿಸಿ ಹೆಜ್ಜೆ ಇಡುವ ಒತ್ತಡವೂ ಇಲ್ಲ. ಸಿಕ್ಕಿಬಿದ್ದ ಆಟಗಾರ ಚೀಲದ ಪ್ರತಿಯೊಂದು ವಸ್ತುವನ್ನೂ ಪರದೆಯ ಪ್ರತಿಯೊಂದು ವಸ್ತುವಿಗೆ ಸೋಕಿಸುತ್ತ ಹೋಗುತ್ತಾನೆ. ಬಕೆಟ್ಟನ್ನು ನಾಯಿಗೆ, ಮೀನನ್ನು ಬಾಗಿಲಿಗೆ, ಕೋಳಿಯನ್ನು ಗವರ್ನರ್‌ಗೆ. ಎಂದೋ ಒಮ್ಮೆ ತಗಲುತ್ತದೆ. ಅದು ಪರಿಹಾರವಲ್ಲ, ಗುಡಿಸುವ ಕೆಲಸ. ಕಣ್ಣಿಗೆ ಕಾಣದಷ್ಟು ಚಿಕ್ಕ ವಸ್ತುವಿಗಾಗಿ ಪರದೆಯ ಮೂಲೆಮೂಲೆ ತಡಕಾಡಿಸುವ ಚಾಳಿಯೂ ಇದರ ಜೊತೆಗೇ ಬೆಳೆಯಿತು. ಸಾವಿಲ್ಲದ ಲೋಕದಲ್ಲಿ ಬೇಸರವೇ ಸಾವಿನ ಜಾಗಕ್ಕೆ ಬಂದು ಕೂತಿತು.

ಕಟ್ಟುಪಾಡಿಲ್ಲದ ಕರ್ತೃವಿನ ಕುಖ್ಯಾತ ಉದಾಹರಣೆ 1999ರ ‘ಗೇಬ್ರಿಯಲ್ ನೈಟ್ 3’. ನಾಯಕನಿಗೆ ಒಂದು ಮೋಟಾರ್ ಬೈಕ್ ಬಾಡಿಗೆಗೆ ಬೇಕು, ಅದಕ್ಕಾಗಿ ಮೋಸ್ಲಿ ಎಂಬ ಗೆಳೆಯನ ವೇಷ ಹಾಕಬೇಕು. ಶೆಡ್ಡಿನ ತೂತಿಗೆ ಅಂಟುಪಟ್ಟಿ ಹಚ್ಚಿ, ಬೆಕ್ಕನ್ನು ಅದರ ಮೂಲಕ ಓಡಿಸಿ, ಅಂಟಿದ ಕೂದಲನ್ನು ಮೇಪಲ್ ಸಿರಪ್ಪಿನಿಂದ ಮೂತಿಗೆ ಮೆತ್ತಿ ಮೀಸೆ ಮಾಡಿಕೊಳ್ಳಬೇಕು. ತಮಾಷೆ ಇಷ್ಟಕ್ಕೇ ಮುಗಿಯುವುದಿಲ್ಲ, ಮೋಸ್ಲಿಗೆ ಮೀಸೆಯೇ ಇಲ್ಲ. ಆದ್ದರಿಂದ ಅವನ ಪಾಸ್‌ಪೋರ್ಟಿನ ಫೋಟೊ ಮೇಲೂ ಪೆನ್ನಿನಿಂದ ಮೀಸೆ ಬರೆಯಬೇಕು. ‘ಓಲ್ಡ್ ಮ್ಯಾನ್ ಮರ್ರಿ’ ಎಂಬ ತಾಣದಲ್ಲಿ ಎರಿಕ್ ವೋಲ್ಪಾ 2000ದಲ್ಲಿ ಈ ಒಗಟನ್ನು ಹೆಜ್ಜೆ ಹೆಜ್ಜೆಯಾಗಿ ಬಿಚ್ಚಿಟ್ಟು, ಅಡ್ವೆಂಚರ್ ಆಟಗಳನ್ನು ಬೇರೆ ಯಾರೂ ಕೊಲ್ಲಲಿಲ್ಲ, ಅವು ಆತ್ಮಹತ್ಯೆ ಮಾಡಿಕೊಂಡವು ಎಂಬರ್ಥದ ತೀರ್ಪು ಕೊಟ್ಟರು. ಮುಂದೆ ಅದೇ ವೋಲ್ಪಾ ‘ಪೋರ್ಟಲ್’ ಆಟದ ಬರಹಗಾರರಲ್ಲೊಬ್ಬರಾದರು.

ಒಗಟು ಕಷ್ಟ ಎನ್ನುವುದು ಇಲ್ಲಿ ದೂರಲ್ಲ. ಅದು ಆ ಲೋಕದ ಯಾವ ನಿಯಮದಿಂದಲೂ ಹುಟ್ಟಿದ್ದಲ್ಲ ಎನ್ನುವುದೇ ದೂರು. ಗಂಭೀರವಾದ ಪತ್ತೇದಾರಿ ಕಥೆಯೊಳಗೆ ಬೆಕ್ಕಿನ ಮೀಸೆ ಬಂದದ್ದು ಕರ್ತೃವಿಗೆ ಹಾಗೆ ತೋಚಿತು ಎಂಬ ಒಂದೇ ಕಾರಣಕ್ಕೆ. ಆಗ ಆಟಗಾರ ಜಗತ್ತನ್ನು ಅರಿಯುವುದನ್ನು ಬಿಟ್ಟು ಒಡೆಯನ ಮರ್ಜಿ ಹಿಡಿಯಲು ಹೊರಡುತ್ತಾನೆ. 1996ರ ‘ಬ್ರೋಕನ್ ಸ್ವೋರ್ಡ್’ನಲ್ಲಿ ಐರ್ಲೆಂಡಿನ ಕೋಟೆಯೊಂದರ ಮೇಕೆಯೂ ಇದೇ ಜಾತಿ. ಆಟದುದ್ದಕ್ಕೂ ನಿಧಾನವಾಗಿ ಯೋಚಿಸು ಎಂದು ಕಲಿಸಿ, ಅಲ್ಲೊಂದು ಕಡೆ ಮೇಕೆ ಗುದ್ದಿದ ಬಳಿಕದ ಒಂದೆರಡು ಕ್ಷಣದಲ್ಲಿ ಚಟ್ಟನೆ ಮೌಸ್ ಒತ್ತು ಎನ್ನುತ್ತದೆ. ಕೊಟ್ಟ ಮಾತಿಗೆ ತಪ್ಪಿದ ದೇವರು ಎಂದರೆ ಇದೇ.

ಈ ಎಲ್ಲದಕ್ಕೂ ಬೇರೆಯೇ ಉತ್ತರ ಬಂದದ್ದು ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಕಡೆಯಿಂದ. ರ‍್ಯಾಂಡ್ ಮಿಲ್ಲರ್, ರಾಬಿನ್ ಮಿಲ್ಲರ್ ಎಂಬ ಅಣ್ಣ ತಮ್ಮಂದಿರು ಕ್ರೈಸ್ತ ಬೋಧಕರೊಬ್ಬರ ಮಕ್ಕಳು. 1993ರಲ್ಲಿ ಅವರ ‘ಮಿಸ್ಟ್’ ಬಂತು. ಅದರಲ್ಲಿ ಚೀಲವಿಲ್ಲ, ಮಾತಿನ ಪಟ್ಟಿ ಇಲ್ಲ, ಎದುರಾಳಿ ಇಲ್ಲ. ನಿರ್ಜನವಾದ ಒಂದು ದ್ವೀಪ, ಕೆಲವು ಯಂತ್ರ, ಒಂದು ಗ್ರಂಥಾಲಯ. ಮುಟ್ಟಿದರೆ ಬೇರೆ ಲೋಕಕ್ಕೆ ಒಯ್ಯುವ ಪುಸ್ತಕಗಳು. ಅರುವತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದ ಈ ಆಟ, 2002ರಲ್ಲಿ ‘ದಿ ಸಿಮ್ಸ್’ ಹಿಂದಿಕ್ಕುವವರೆಗೆ, ಪಿಸಿ ಆಟಗಳಲ್ಲೇ ಅತಿ ಹೆಚ್ಚು ಮಾರಾಟದ ದಾಖಲೆ ಉಳಿಸಿಕೊಂಡಿತ್ತು.

ಮಿಸ್ಟ್‌ನ ವಿಶೇಷ ಅದನ್ನು ಮುಗಿಸಿದ ಮೇಲೆ ಹೊಳೆಯುತ್ತದೆ. ದ್ವೀಪದ ಮೇಲಿನ ಸ್ವಿಚ್ಚುಗಳನ್ನು ಸರಿಯಾದ ಕ್ರಮದಲ್ಲಿ ಒತ್ತಿದರೆ ಒಂದು ಬಿಳಿ ಹಾಳೆ ಸಿಗುತ್ತದೆ. ಗ್ರಂಥಾಲಯದ ಅಗ್ಗಿಷ್ಟಿಕೆಯೊಳಗೆ ಹೊಕ್ಕು ಒಂದು ಚಿತ್ತಾರ ಮೂಡಿಸಿದರೆ ಒಂದು ಹಸಿರು ಪುಸ್ತಕ. ಎರಡೂ ಸಿಕ್ಕರೆ ಆಟ ಮುಗಿಯಿತು. ಈ ಸ್ವಿಚ್ಚುಗಳಾಗಲಿ ಅಗ್ಗಿಷ್ಟಿಕೆಯಾಗಲಿ ಮೊದಲ ಕ್ಷಣದಿಂದಲೇ ಕೈಗೆಟಕುವಲ್ಲಿವೆ. ಯಾವ ಕಾವಲುಗಾರನೂ ತಡೆಯುವುದಿಲ್ಲ, ಯಾವ ಬೀಗದಕೈಯನ್ನೂ ಗಳಿಸಬೇಕಿಲ್ಲ. ಗೊತ್ತಿದ್ದವನಿಗೆ ಕೆಲವೇ ನಿಮಿಷದ ಕೆಲಸ. ಗೊತ್ತಿಲ್ಲದವನು ವಾರಗಟ್ಟಲೆ ನಾಲ್ಕು ಲೋಕ ಸುತ್ತುತ್ತಾನೆ. ಬಿಡುಗಡೆ ಹೊಸದಾಗಿ ಸಂಪಾದಿಸುವಂಥದ್ದಲ್ಲ, ಅಡ್ಡವಾಗಿರುವುದು ಅವಿದ್ಯೆಯೊಂದೇ ಎಂದು ಅದ್ವೈತಿಗಳು ಹೇಳುವುದನ್ನು ಸ್ಪೊಕೇನಿನ ಕ್ರೈಸ್ತ ಸಹೋದರರು ಕೇಳಿದ್ದರೆಂದು ಭಾವಿಸಲು ಆಧಾರವಿಲ್ಲ. ಆದರೂ ಆ ಮಾತನ್ನು ಇದಕ್ಕಿಂತ ನೇರವಾಗಿ ಯಂತ್ರಕ್ಕೆ ಇಳಿಸಿದವರು ಇನ್ನೊಬ್ಬರಿಲ್ಲ. ಪ್ರಕಾರದ ದೊಡ್ಡ ಕೊರತೆಯೂ ಇದರಿಂದಲೇ ಸ್ಪಷ್ಟವಾಗುತ್ತದೆ. ಒಮ್ಮೆ ತಿಳಿದ ಮೇಲೆ ಆಡಲು ಏನೂ ಉಳಿಯುವುದಿಲ್ಲ. ಜ್ಞಾನಿಗೆ ಆ ದ್ವೀಪದಲ್ಲಿ ಮಾಡುವ ಕೆಲಸವಿಲ್ಲ, ಗಾಳಿ ಸದ್ದು ಕೇಳುತ್ತ ತಿರುಗಬಹುದಷ್ಟೆ.

1997ರಲ್ಲಿ ಬಂದ ಇದರ ಮುಂದಿನ ಭಾಗ ‘ರಿವನ್’ ಇನ್ನೂ ಆಳಕ್ಕೆ ಇಳಿಯಿತು. ಅಲ್ಲಿ ಗೆನ್ ಎಂಬ ಮುದುಕ ಒಂದು ದ್ವೀಪಸಮೂಹದ ಜನರಿಗೆ ದೇವರಾಗಿ ಕುಳಿತಿದ್ದಾನೆ. ಲೋಕಗಳಿಗೆ ದಾರಿ ತೆರೆಯುವ ಪುಸ್ತಕ ಬರೆಯುವ ವಿದ್ಯೆ ಅವನಿಗೂ ಗೊತ್ತು, ಮಗ ಆಟ್ರಸ್‌ಗೂ ಗೊತ್ತು. ತಂದೆಯ ಪ್ರಕಾರ ಬರೆದವನೇ ಆ ಲೋಕದ ಸೃಷ್ಟಿಕರ್ತ, ಹಾಗಾಗಿ ಒಡೆಯ. ಮಗನ ಪ್ರಕಾರ ಲೋಕ ಮೊದಲೇ ಇತ್ತು, ಪುಸ್ತಕ ಅದಕ್ಕೊಂದು ಬಾಗಿಲು ಮಾತ್ರ. ತತ್ತ್ವಶಾಸ್ತ್ರದ ತರಗತಿಯಲ್ಲಿ ಒಣಗಿಹೋಗಬಹುದಾದ ಈ ಜಗಳ ಇಲ್ಲಿ ಕಲ್ಲು ಮಣ್ಣಿನಲ್ಲಿ ಕಾಣುತ್ತದೆ. ಹಳ್ಳಿಯ ಶಾಲೆಯ ಕೋಣೆಯಲ್ಲಿ ಮಕ್ಕಳಿಗೆ ಎಣಿಕೆ ಕಲಿಸುವ ಒಂದು ಆಟಿಕೆ ಇದೆ. ಹಿಡಿ ತಿರುಗಿಸಿದರೆ ಒಂದು ಅಂಕಿ ಬರುತ್ತದೆ, ನೇಣಿಗೆ ಬಿಗಿದ ಪುಟ್ಟ ಗೊಂಬೆ ಅಷ್ಟು ಮೆಟ್ಟಿಲು ಕೆಳಗಿಳಿಯುತ್ತದೆ. ಕೆಳಗೆ ಬಾಯಿ ತೆರೆದ ಕಡಲಪ್ರಾಣಿ. ಗೆನ್‌ನನ್ನು ಎದುರಿಸಿದವರಿಗೆ ಆಗುವ ಗತಿ ಅದೇ, ಅಂಥ ನೇಣುಗಂಬ ಹೊರಗೆ ನೀರಿನ ಮೇಲೆ ನಿಜಕ್ಕೂ ನಿಂತಿದೆ. ಆಟಗಾರನೂ ಈ ಲೋಕದ ಅಂಕಿಗಳನ್ನು ಕಲಿಯಬೇಕಾದದ್ದು ಆ ಆಟಿಕೆಯಿಂದಲೇ. ಒಬ್ಬ ಸ್ವಯಂಘೋಷಿತ ದೇವರು ಮಕ್ಕಳ ಲೆಕ್ಕದ ಪಾಠದೊಳಗೂ ಹೇಗೆ ನುಸುಳುತ್ತಾನೆ ಎಂಬುದನ್ನು ಒಂದೂ ಭಾಷಣವಿಲ್ಲದೆ ತಿಳಿಸಿಕೊಡುವ ಈ ಒಗಟು ಇಡೀ ಪ್ರಕಾರದಲ್ಲೇ ಅತ್ಯುತ್ತಮವಾದದ್ದು.

ಬೆಕ್ಕಿನ ಮೀಸೆಯ ಒಗಟು ಗೆನ್‌ನ ಸಿದ್ಧಾಂತದ ಕೂಸು, ಬರೆದವನು ಬರೆದದ್ದೇ ನಿಯಮ. ಶಾಲೆಯ ಆಟಿಕೆ ಆಟ್ರಸ್‌ನ ಪಕ್ಷದ್ದು, ಕರ್ತೃವೂ ಆ ಲೋಕದಲ್ಲಿ ಅಲೆದು ಅದನ್ನು ಅಲ್ಲಿ ಕಂಡುಕೊಂಡಂತಿದೆ. ಮಿಲ್ಲರ್ ಸಹೋದರರೂ ಅದನ್ನು ಕುಳಿತು ಕಲ್ಪಿಸಿದವರೇ ಎಂದು ಯಾರಾದರೂ ವಾದಿಸಬಹುದು. ನಿಜ. ಆದರೆ ಕಲ್ಪಿಸಿದವನು ತನ್ನ ಕಲ್ಪನೆಗೆ ಬದ್ಧನಾಗುವುದಕ್ಕೂ ಅದರ ಮೇಲೆ ಸವಾರಿ ಮಾಡುವುದಕ್ಕೂ ಇರುವ ಅಂತರ ಆಡುವವನಿಗೆ ತಟ್ಟನೆ ಗೊತ್ತಾಗುತ್ತದೆ.

ಧರ್ಮವನ್ನು ನೇರವಾಗಿಯೇ ಕೈಗೆತ್ತಿಕೊಂಡ ಆಟಗಳೂ ಬಂದವು. ಹಾರ್ಲನ್ ಎಲ್ಲಿಸನ್ ತಮ್ಮ 1967ರ ಕಥೆಯನ್ನು ಆಧರಿಸಿ 1995ರಲ್ಲಿ ರೂಪಿಸಲು ನೆರವಾದ ‘ಐ ಹ್ಯಾವ್ ನೋ ಮೌತ್ ಅಂಡ್ ಐ ಮಸ್ಟ್ ಸ್ಕ್ರೀಮ್’ನಲ್ಲಿ ಎಎಮ್ ಎಂಬ ಕಂಪ್ಯೂಟರು ಉಳಿದ ಐವರು ಮನುಷ್ಯರನ್ನು ಸಾಯಲೂ ಬಿಡದೆ ಹಿಂಸಿಸುತ್ತದೆ. ಎಲ್ಲಿಸನ್ ತಾವೇ ಅದಕ್ಕೆ ದನಿ ಕೊಟ್ಟರು. ಒಳ್ಳೆಯದು ಮಾಡಿದರೆ ಪಾತ್ರದ ಭಾವಚಿತ್ರದ ಹಿನ್ನೆಲೆ ಬೆಳಗುತ್ತದೆ, ಕೆಟ್ಟದ್ದು ಮಾಡಿದರೆ ಕಪ್ಪಾಗುತ್ತದೆ. ಪುಣ್ಯ ಹೀಗೆ ಕಣ್ಣೆದುರೇ ಅಳತೆಗೆ ಸಿಕ್ಕ ಕೂಡಲೇ ಆಟಗಾರ ಒಳ್ಳೆಯದನ್ನು ಮಾಡುವುದು ಬಿಟ್ಟು ಬಣ್ಣ ಕಾಯತೊಡಗುತ್ತಾನೆ, ಅದು ಇದರ ದೌರ್ಬಲ್ಯ. ಟಿಮ್ ಶೇಫರ್ ಅವರ ‘ಗ್ರಿಮ್ ಫಂಡಾಂಗೊ’ ಹೆಚ್ಚು ಜಾಣತನದ್ದು. ಮೆಕ್ಸಿಕೊದ ಪಿತೃಹಬ್ಬದ ನೆರಳಿನಲ್ಲಿ ಮೂಡಿದ 1998ರ ಈ ಆಟದಲ್ಲಿ ಸತ್ತವರು ನಾಲ್ಕು ವರ್ಷ ನಡೆದು ಸದ್ಗತಿ ಮುಟ್ಟಬೇಕು, ಪುಣ್ಯವಂತರಿಗೆ ಮಾತ್ರ ನಾಲ್ಕೇ ನಿಮಿಷದ ರೈಲು. ಆ ರೈಲಿನ ಟಿಕೆಟ್‌ಗಳನ್ನು ಯಾರೋ ಕದಿಯುತ್ತಿದ್ದಾರೆ! ಪರಲೋಕದ ಕಚೇರಿಯಲ್ಲೂ ಲಂಚ ಎಂಬ ಊಹೆಗೆ ನಮ್ಮ ಓದುಗರು ಬೆಚ್ಚಿಬೀಳಲಾರರು.

1999ರ ಫೆಬ್ರವರಿಯಲ್ಲಿ ಸಿಯೆರಾದ ಓಕ್‌ಹರ್ಸ್ಟ್ ಸ್ಟುಡಿಯೊಗೆ ಬೀಗ ಬಿತ್ತು. ‘ಮಂಕಿ ಐಲ್ಯಾಂಡ್’ ಹೊರತಂದಿದ್ದ ಲೂಕಾಸ್‌ಆರ್ಟ್ಸ್ ಕಂಪನಿ 2000ದ ನಂತರ ಹೊಸ ಅಡ್ವೆಂಚರ್ ಆಟ ಹೊರತರಲಿಲ್ಲ. ಮೂರು ಆಯಾಮದ ಗುಂಡು ಹಾರಿಸುವ ಆಟಗಳು ಮಾರುಕಟ್ಟೆ ಹಿಡಿದವು. ಆದರೂ ಪ್ರಕಾರ ಪೂರ್ತಿ ಸಾಯಲಿಲ್ಲ. ಗಿಲ್ಬರ್ಟ್ 2017ರಲ್ಲಿ ‘ಥಿಂಬಲ್‌ವೀಡ್ ಪಾರ್ಕ್’ ಮಾಡಿದರು, 2022ರಲ್ಲಿ ‘ರಿಟರ್ನ್ ಟು ಮಂಕಿ ಐಲ್ಯಾಂಡ್’. ಎರಡನೆಯದರಲ್ಲಿ ಸುಳಿವು ಕೊಡುವ ಪುಸ್ತಕವನ್ನು ಆಟದೊಳಗೇ ಇಟ್ಟಿದ್ದಾರೆ. ಒಂದೇ ಸಲ ಉತ್ತರ ಹೇಳದೆ, ಕೇಳಿದಷ್ಟೇ ಬಿಚ್ಚುವ ಪುಸ್ತಕ ಅದು. 1980ರ ದಶಕದಲ್ಲಿ ಇನ್ಫೊಕಾಮ್ ಕಂಪನಿ ತನ್ನ ಅಕ್ಷರದ ಆಟಗಳಿಗೆ ಅದೃಶ್ಯ ಶಾಯಿಯಲ್ಲಿ ಸುಳಿವು ಅಚ್ಚು ಹಾಕಿ, ವಿಶೇಷ ಪೆನ್ನು ಉಜ್ಜಿದಾಗ ಮಾತ್ರ ಕಾಣುವಂತೆ ಮಾಡಿತ್ತಲ್ಲ, ಅದರದ್ದೇ ಸಂತತಿ. ಉತ್ತರವನ್ನು ಪೂರ್ತಿ ಒಪ್ಪಿಸುವವನಿಗಿಂತ ಕೇಳಿದಷ್ಟನ್ನೇ ಹೇಳುವವನು ಒಳ್ಳೆಯ ಗುರು ಎಂಬುದನ್ನು ಈ ಉದ್ಯಮ ತಡವಾಗಿಯಾದರೂ ಒಪ್ಪಿಕೊಂಡಿದೆ.

ಹಳೆಯವುಗಳನ್ನು ಆಡಿ ನೋಡುವ ಮನಸ್ಸಿದ್ದವರಿಗೆ ಈಗ ಅಡ್ಡಿ ಇಲ್ಲ. 2001ರಲ್ಲಿ ಶುರುವಾದ ‘ಸ್ಕಮ್‌ವಿಎಮ್’ ಎಂಬ ಉಚಿತ ತಂತ್ರಾಂಶ ಈ ಲೇಖನದಲ್ಲಿ ಹೆಸರಿಸಿದ ಹಲವು ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುತ್ತದೆ. ಮೊದಲ ಸಲ ಆಡುವವರು ‘ಮಂಕಿ ಐಲ್ಯಾಂಡ್’ನಿಂದ ಶುರುಮಾಡಲಿ, ಆಮೇಲೆ ‘ರಿವನ್’ಗೆ ಹೋಗಲಿ, ಪಕ್ಕದಲ್ಲೊಂದು ನೋಟ್‌ಬುಕ್ಕೂ ಪೆನ್ಸಿಲ್ಲೂ ಇರಲಿ. ‘ಕಿಂಗ್ಸ್ ಕ್ವೆಸ್ಟ್ 5’ ಆಡುವವರು ಮಾತ್ರ ಬೇರೆ ಬೇರೆ ಹೆಸರಿನಲ್ಲಿ ಸೇವ್ ಮಾಡುತ್ತಲೇ ಇರಬೇಕು, ಕಡುಬನ್ನಂತೂ ಮುಟ್ಟಲೇಬಾರದು.